ಮಾವುತನ ಮಗ ಸಾಬು ಮತ್ತು 'ಸಹಜ' ಅನ್ನೋ ಮಾತು

೧

ಸಾಬುವಿನ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಎರಡು ಥರ ಹೇಳುತ್ತಾರೆ. ಒಂದು ಅದೃಷ್ಟದ ಕಥೆ. ಮೈಸೂರು ಅರಸರ ಆನೆ ಲಾಯದಲ್ಲಿದ್ದ ತಬ್ಬಲಿ ಹುಡುಗನ ಮೇಲೆ ಬಿಳಿಯರ ಕಣ್ಣು ಬಿತ್ತು, ಅವನ ಹಣೆಬರಹ ಬದಲಾಯಿತು, ಹಾಲಿವುಡ್ ಸೇರಿದ. ಇನ್ನೊಂದು ಹೆಮ್ಮೆಯ ಕಥೆ. ನೋಡ್ರಪ್ಪ, ನಮ್ಮ ಮೈಸೂರು ಸೀಮೆಯ ಹುಡುಗ ಆ ಕಾಲಕ್ಕೇ ಅಮೆರಿಕದ ಬೆಳ್ಳಿತೆರೆಯ ಮೇಲೆ ಮೆರೆದ! ಈ ಎರಡೂ ಕಥೆಗಳಲ್ಲಿ ಹುಡುಗ ತಾನಾಗಿ ಏನೂ ಮಾಡುವುದಿಲ್ಲ. ಮೊದಲನೆಯದರಲ್ಲಿ ಎಲ್ಲವನ್ನೂ ಹಣೆಬರಹ ಮಾಡುತ್ತದೆ, ಎರಡನೆಯದರಲ್ಲಿ ಊರಿನ ಹೆಸರು ಮಾಡುತ್ತದೆ. ಹಣೆಬರಹದ ಹೆಸರಲ್ಲೂ ಊರಿನ ಹೆಸರಲ್ಲೂ ತಲೆತಲಾಂತರದಿಂದ ಏಟು ತಿಂದು ಬಂದಿರುವ ನಾವು ಈ ಕಥೆಗಳನ್ನು ಹಾಗೇ ನುಂಗಲಾರೆವು. ಆ ಹುಡುಗ ಮಾಡಿದ ಕೆಲಸ ಯಾವುದು? ಆ ಕೆಲಸಕ್ಕೆ ಯಾರು ಏನು ಹೆಸರಿಟ್ಟರು? ಹಾಗೆ ಹೆಸರಿಟ್ಟಿದ್ದರಿಂದ ಯಾರಿಗೆ ಲಾಭವಾಯಿತು? ಇಷ್ಟನ್ನು ಕೇಳುವುದಕ್ಕಾಗಿ ಈ ಲೇಖನ.

ಗೊತ್ತಿಲ್ಲದವರಿಗಾಗಿ ಮೊದಲು ನಾಲ್ಕು ಮಾತು. ಸಾಬು ಹುಟ್ಟಿದ್ದು ೧೯೨೪ರಲ್ಲಿ, ಕಬಿನಿ ಹೊಳೆಯ ಪಕ್ಕದ ಕರಾಪುರದಲ್ಲಿ. ಇವತ್ತಿನ ಹೆಗ್ಗಡದೇವನಕೋಟೆ ತಾಲ್ಲೂಕು. ಬಡ ಮುಸ್ಲಿಂ ಕುಟುಂಬ. ಅಪ್ಪ ಅರಸರ ಆನೆಗಳ ಮಾವುತ. ಚಿಕ್ಕಂದಿನಲ್ಲೇ ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡ ಹುಡುಗನಿಗೆ ಆನೆ ಲಾಯವೇ ಮನೆಯಾಯಿತು. ೧೯೩೫ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾನ ಕಂಪನಿಯವರು ಕಿಪ್ಲಿಂಗ್ ಬರೆದ ಆನೆ ಹುಡುಗನ ಕಥೆಯನ್ನು ಸಿನಿಮಾ ಮಾಡಲು ಮೈಸೂರಿಗೆ ಬಂದರು. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ. ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಲಾಯದಲ್ಲಿ ಸಾಬುವನ್ನು ಗುರುತಿಸಿದ. 'ಎಲಿಫೆಂಟ್ ಬಾಯ್' ೧೯೩೭ರಲ್ಲಿ ತೆರೆಗೆ ಬಂತು. ಅಷ್ಟರೊಳಗೆ ಹುಡುಗ ಅಣ್ಣ ಶೇಖ್ ದಸ್ತಗೀರನ ಜೊತೆ ಇಂಗ್ಲೆಂಡ್ ಸೇರಿಯಾಗಿತ್ತು. ಮುಂದೆ 'ದಿ ಡ್ರಮ್' (೧೯೩೮), 'ದಿ ಥೀಫ್ ಆಫ್ ಬಾಗ್ದಾದ್' (೧೯೪೦), 'ಜಂಗಲ್ ಬುಕ್' (೧೯೪೨). ಆಮೇಲೆ ಹಾಲಿವುಡ್ಡಿನ ಯೂನಿವರ್ಸಲ್ ಕಂಪನಿಯ ಬಣ್ಣದ ಚಿತ್ರಗಳು. ೧೯೬೩ರ ಡಿಸೆಂಬರ್ ೨ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ಸತ್ತ. ಆಗ ಅವನಿಗೆ ಮೂವತ್ತೊಂಬತ್ತು ವರ್ಷ. ಒಂದು ಕಾಲಕ್ಕೆ ಲೋಕದ ಮಕ್ಕಳೆಲ್ಲ ಕೂಗಿ ಕರೆಯುತ್ತಿದ್ದ ಹೆಸರು. ನಾವು ಓದಿದ ಯಾವ ಪಾಠಪುಸ್ತಕದಲ್ಲೂ ಆ ಹೆಸರು ಬರಲಿಲ್ಲ.

೨

ಸಾಬುವನ್ನು ಮೆಚ್ಚಿಕೊಂಡವರು ಅಂದಿನಿಂದಲೂ ಮತ್ತೆ ಮತ್ತೆ ಬಳಸಿದ ಮಾತು ಒಂದೇ. 'ಸಹಜ'. ಸಹಜ ನಟನೆ, ಸಹಜ ನಗೆ, ಕಾಡಿನ ಮಗುವಿನ ಸಹಜ ಚೆಲುವು. ಫ್ಲಾಹರ್ಟಿಯ ಪದ್ಧತಿಯೂ ಇದಕ್ಕೆ ಸರಿಹೊಂದುವಂಥದ್ದೇ. ಸಾಕ್ಷ್ಯಚಿತ್ರದ ಪಿತಾಮಹ ಎಂದು ಫಿಲ್ಮ್ ಸೊಸೈಟಿಯ ಪಂಡಿತರು ಇವನನ್ನು ಪೂಜಿಸುತ್ತಾರೆ. ನಟರಲ್ಲದವರನ್ನು ಹುಡುಕಿ, ಅವರವರ ನೆಲದಲ್ಲೇ ನಿಲ್ಲಿಸಿ ಚಿತ್ರ ತೆಗೆಯುವುದು ಅವನ ವಿಧಾನ. ೧೯೨೨ರ 'ನಾನೂಕ್ ಆಫ್ ದಿ ನಾರ್ತ್' ಚಿತ್ರದ ನಾಯಕನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ನಾನೂಕ್ ಅಂತ ಹೆಸರಿಟ್ಟದ್ದು ಫ್ಲಾಹರ್ಟಿ. ಆ ಹೊತ್ತಿಗಾಗಲೇ ಬಂದೂಕು ಬಳಸುತ್ತಿದ್ದ ಜನರ ಕೈಗೆ ಅವನು ಹಳೇ ಕಾಲದ ಈಟಿ ಕೊಟ್ಟು ಬೇಟೆ ಆಡಿಸಿದ. ಅಂದರೆ 'ಸಹಜ'ವನ್ನೂ ಹೇಳಿ ಮಾಡಿಸಲಾಗುತ್ತದೆ. ಮಾಡಿದವನಿಗೆ ಅದರ ಹೆಸರು ಸಿಗುವುದಿಲ್ಲ, ಮಾಡಿಸಿದವನಿಗೆ ಸಿಗುತ್ತದೆ.

ಆನೆ ಮೇಲೆ ಕೂರುವುದು ಸಹಜವೇನು? ಯಾವ ಮಗುವೂ ಅದನ್ನು ಹೊಟ್ಟೆಯಿಂದ ಕಲಿತು ಬರುವುದಿಲ್ಲ. ಮಾವುತರ ಮನೆಯ ಹುಡುಗ ನಡೆಯಲು ಕಲಿಯುವ ಹೊತ್ತಿಗೇ ಕೆಲಸ ಕಲಿಯತೊಡಗುತ್ತಾನೆ. ಬೆಳಗಾಗೆದ್ದು ಲದ್ದಿ ಬಾಚಬೇಕು. ಸೊಪ್ಪು ತರಬೇಕು. ಹೊಳೆಗೆ ಹೊಡೆದುಕೊಂಡು ಹೋಗಿ, ಮಲಗಿಸಿ, ಕಲ್ಲಿನಿಂದ ಚರ್ಮ ತಿಕ್ಕಬೇಕು. ಕಿವಿಯ ಹಿಂದೆ ಕಾಲ್ಬೆರಳನ್ನು ಎಲ್ಲಿ ಒತ್ತಿದರೆ ತಿರುಗುತ್ತದೆ, ಎಲ್ಲಿ ಒತ್ತಿದರೆ ನಿಲ್ಲುತ್ತದೆ ಅಂತ ಕಲಿಯಬೇಕು. ಕಪೋಲದಲ್ಲಿ ನೀರೊಸರಿದರೆ ಮದ ಬರುತ್ತಿದೆ, ಹತ್ತಿರ ಸುಳಿಯಬಾರದು ಅಂತ ತಿಳಿದಿರಬೇಕು. ಒಂದು ತಪ್ಪಿಗೆ ಒಂದು ಜೀವ. ಅಪ್ಪ, ಅಣ್ಣ, ಕಾವಾಡಿಗಳು ಬೈದು, ಹೊಡೆದು, ತೋರಿಸಿ ಕಲಿಸಿದ ವಿದ್ಯೆ ಇದು. ಹತ್ತು ವರ್ಷದ ತಾಲೀಮು. ಸಂಗೀತಗಾರನ ಮಗ ಅಪ್ಪನ ಪಕ್ಕ ಕೂತು ಹತ್ತು ವರ್ಷ ಕಲಿತರೆ ಅದಕ್ಕೆ ಪರಂಪರೆ, ಸಾಧನೆ ಅಂತಾರೆ. ಮಾವುತನ ಮಗ ಅಪ್ಪನ ಪಕ್ಕ ನಿಂತು ಕಲಿತರೆ ಸಹಜ!

ಇದು ಹೊಗಳಿಕೆಯ ವೇಷದಲ್ಲಿ ಬರುವ ಕಳ್ಳತನ. ಮರ ಹಣ್ಣು ಬಿಟ್ಟರೆ ಮರಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ದುಡಿಯುವವನನ್ನು ಮರದ ಸಾಲಿಗೆ ಸೇರಿಸಿಬಿಟ್ಟರೆ ಅವನ ವಿದ್ಯೆಗೆ ಬೆಲೆ ಕಟ್ಟುವ ಕಷ್ಟವೇ ಇಲ್ಲ. ಮೈಸೂರಿನ ದಸರೆಯಲ್ಲೂ ನಾವು ನೋಡುವುದು ಅದನ್ನೇ. ಜನ ಕೈಮುಗಿಯುವುದು ಅಂಬಾರಿಗೆ. ಆನೆಯ ಕುತ್ತಿಗೆಯ ಮೇಲೆ ಕೂತು ಅಷ್ಟು ಗದ್ದಲದಲ್ಲಿ ಅದನ್ನು ಹೆಜ್ಜೆ ಹೆಜ್ಜೆಗೂ ಸಂಭಾಳಿಸುವವನ ಮುಖವನ್ನು ಎಷ್ಟು ಜನ ನೋಡುತ್ತಾರೆ?

೩

ಈಗ 'ಎಲಿಫೆಂಟ್ ಬಾಯ್' ಚಿತ್ರಕ್ಕೆ ಬರೋಣ. ಇದನ್ನು ಗಮನವಿಟ್ಟು ನೋಡಿದರೆ ಎರಡು ಬೇರೆ ಬೇರೆ ಬಟ್ಟೆ ಸೇರಿಸಿ ಹೊಲಿದ ಹಾಗೆ ಕಾಣುತ್ತದೆ. ಫ್ಲಾಹರ್ಟಿ ಮೈಸೂರಿನಲ್ಲಿ ತಿಂಗಳುಗಟ್ಟಲೆ ಫಿಲ್ಮ್ ಸುರಿದು ಆನೆ, ಹೊಳೆ, ಕಾಡು ತೆಗೆದ. ಕಥೆ ಸಾಕಾಗಲಿಲ್ಲ ಎಂದು ಕಂಪನಿಯವರು ಜೋಲ್ಟಾನ್ ಕೋರ್ಡಾನಿಂದ ಉಳಿದದ್ದನ್ನು ಇಂಗ್ಲೆಂಡಿನ ಡೆನಮ್ ಸ್ಟುಡಿಯೋದಲ್ಲಿ ತೆಗೆಸಿದರು. ಮೈಸೂರಿನ ಭಾಗದಲ್ಲಿ ಸಾಬು ಕೆಲಸ ಮಾಡುತ್ತಾನೆ. ಆನೆ ಮೈ ತೊಳೆಯುತ್ತಾನೆ, ಸೊಂಡಿಲು ಹಿಡಿದು ಹತ್ತುತ್ತಾನೆ, ಜೊತೆಗೆ ಮಾತಾಡುತ್ತಾನೆ. ಅಲ್ಲಿ ಅವನ ಮೈ ಗೊತ್ತಿದ್ದು ಆಡುತ್ತದೆ. ಡೆನಮ್ ಭಾಗದಲ್ಲಿ ಅವನು ಹೊಸದಾಗಿ ಕಲಿತ ಇಂಗ್ಲಿಷಿನಲ್ಲಿ ಸಾಲು ಒಪ್ಪಿಸುತ್ತಾನೆ. ಸುತ್ತ ನಿಂತ 'ಇಂಡಿಯನ್ನರು' ಬಹುಪಾಲು ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಬಿಳಿಯರು. ಬೇಟೆಗಾರರ ಮುಖಂಡ ಮಚುವಾ ಅಪ್ಪನ ಪಾತ್ರ ಮಾಡಿದ್ದು ಅಲನ್ ಜೇಯ್ಸ್ ಎಂಬ ಇಂಗ್ಲಿಷ್ ನಟ. ಲಾಯದ ಹುಡುಗ ಸಿಕ್ಕಿದ, ಲಾಯದ ದೊಡ್ಡವರಲ್ಲಿ ಒಬ್ಬನೂ ಮಾತಾಡಲು ಯೋಗ್ಯನಾಗಿ ಸಿಗಲಿಲ್ಲವೆ?

ಕಥೆಯಲ್ಲಿ ತುಮೈಯ ಅಪ್ಪನನ್ನು ಹುಲಿ ಕೊಲ್ಲುತ್ತದೆ. ಅಪ್ಪನ ಆನೆ ಕಾಳನಾಗ ದುಃಖದಿಂದ ಕೆರಳುತ್ತದೆ. ಅದನ್ನು ಕ್ರೂರಿಯಾದ ಇನ್ನೊಬ್ಬ ಮಾವುತನ ಕೈಗೆ ಕೊಡುತ್ತಾರೆ. ಹುಡುಗ ಆನೆಯನ್ನು ಬಿಡಿಸಿಕೊಂಡು ಕಾಡು ಸೇರುತ್ತಾನೆ. ಅಲ್ಲಿ ಮನುಷ್ಯ ಮಾತ್ರದವರು ಕಂಡಿರದ ಆನೆಗಳ ಕುಣಿತ ಕಾಣುತ್ತಾನೆ. ಬಿಳಿ ಸಾಹೇಬ ಹುಡುಕುತ್ತಿದ್ದ ಹಿಂಡು ಹೀಗೆ ಸಿಗುತ್ತದೆ. ಚಂದದ ಕಥೆ, ಮಕ್ಕಳಿಗೆ ಇಷ್ಟವಾಗುತ್ತದೆ. ಆದರೆ ಕಾಕನಕೋಟೆ ಸುತ್ತಿನವರಿಗೆ ಒಂದು ವಿಷಯ ಗೊತ್ತು. ಕಾಡಾನೆ ಹಿಂಡು ಎಲ್ಲಿ ಮೇಯುತ್ತಿದೆ, ಯಾವ ದಾರಿಯಲ್ಲಿ ನೀರಿಗೆ ಇಳಿಯುತ್ತದೆ ಅಂತ ಹೇಳುತ್ತಿದ್ದವರು ಜೇನುಕುರುಬರು ಮತ್ತು ಕಾಡುಕುರುಬರು. ಖೆಡ್ಡಾ ನಡೆಯುತ್ತಿದ್ದದ್ದು ಅವರ ಅರಿವಿನ ಮೇಲೆ, ತಮಟೆ ಬಡಿದು ಬೆಂಕಿ ಹಿಡಿದು ಹಿಂಡನ್ನು ಹೊಳೆಗೆ ಅಟ್ಟುತ್ತಿದ್ದ ನೂರಾರು ಕೂಲಿಗಳ ಜೀವದ ಮೇಲೆ. ಸಿನಿಮಾದಲ್ಲಿ ಆ ಅರಿವಿಗೆ ಜಾಗವಿಲ್ಲ. ಹಿಂಡು ಒಬ್ಬ ಹುಡುಗನ ಮುಗ್ಧತೆಗೆ ಒಲಿದು ಕಾಣಿಸಿಕೊಳ್ಳುತ್ತದೆ. ದುಡಿಯುವ ಜನರ ಜ್ಞಾನವನ್ನು ಕಿತ್ತುಕೊಂಡು ಆ ಜಾಗದಲ್ಲಿ ಪವಾಡ ಇಡುವ ಕಲೆಯಲ್ಲಿ ನಮ್ಮ ಪುರಾಣಿಕರಿಗೂ ಕಿಪ್ಲಿಂಗನಿಗೂ ದೊಡ್ಡ ವ್ಯತ್ಯಾಸವಿಲ್ಲ.

೧೯೩೭ರ ವೆನಿಸ್ ಚಿತ್ರೋತ್ಸವದಲ್ಲಿ ಈ ಚಿತ್ರಕ್ಕೆ ಪ್ರಶಸ್ತಿ ಬಂತು. ಉತ್ತಮ ನಿರ್ದೇಶನಕ್ಕೆ.

೪

ಹೆಸರಿನ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಪೋಸ್ಟರುಗಳಲ್ಲಿ ಅವನು ಬರೀ 'ಸಾಬು'. ಅಪ್ಪನ ಹೆಸರಿಲ್ಲ, ಮನೆತನವಿಲ್ಲ. ಆಮೇಲೆ ಗ್ರಂಥಗಳಲ್ಲಿ 'ಸಾಬು ದಸ್ತಗೀರ್' ಅಂತಾಯಿತು. ದಸ್ತಗೀರ್ ಅವನ ಅಣ್ಣನ ಹೆಸರು. ಅಂದರೆ ಅಣ್ಣನ ಹೆಸರು ತಮ್ಮನ ಬಾಲವಾಗಿ ಅಂಟಿಕೊಂಡಿತು, ಯಾರೂ ಕೇಳಲಿಲ್ಲ. ಅದೇ ಹಾಲಿವುಡ್ಡಿನಲ್ಲಿ ೧೯೨೨ರಿಂದ ಹ್ಯಾಲ್ ರೋಚ್ ಎಂಬ ನಿರ್ಮಾಪಕ 'ಅವರ್ ಗ್ಯಾಂಗ್' ಎಂಬ ಮಕ್ಕಳ ಹಾಸ್ಯಚಿತ್ರಗಳನ್ನು ತೆಗೆಯುತ್ತಿದ್ದ. ಅದರಲ್ಲಿ ನಟಿಸಿದ ನೀಗ್ರೋ ಮಕ್ಕಳಲ್ಲಿ ಅಲೆನ್ ಹಾಸ್ಕಿನ್ಸ್ ಎಂಬ ಹುಡುಗನಿಗೆ 'ಫರೀನಾ' ಅಂತ ಹೆಸರಿಟ್ಟರು. ಮುಂದೆ ಬಿಲ್ಲಿ ಥಾಮಸ್ ಎಂಬ ಹುಡುಗ 'ಬಕ್‌ವೀಟ್' ಆದ. ಒಂದು ಗಂಜಿ ಕಾಯಿಸುವ ಹಿಟ್ಟಿನ ಹೆಸರು, ಇನ್ನೊಂದು ಧಾನ್ಯದ ಹೆಸರು. ತಿಪ್ಪ, ಕರಿಯ, ಕೆಂಪ ಅಂತ ಕರೆಸಿಕೊಂಡು, ಶಾಲೆಯ ಹಾಜರಿ ಪುಸ್ತಕದಲ್ಲಿ ಮೇಷ್ಟರು ಬರೆದ ಹೆಸರನ್ನೇ ಹೊತ್ತುಕೊಂಡು ಬಂದ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

'ದಿ ಡ್ರಮ್' ಚಿತ್ರದ ಬಗ್ಗೆ ಜಾಸ್ತಿ ಹೇಳಬೇಕಾದ್ದಿಲ್ಲ. ವಾಯವ್ಯ ಗಡಿಯ ರಾಜಕುಮಾರನಾದ ಸಾಬು ನಗಾರಿ ಬಡಿದು ಎಚ್ಚರಿಸುವುದು ಬ್ರಿಟಿಷ್ ಪಡೆಯನ್ನು. ಬ್ರಿಟಿಷರ ವಿರುದ್ಧ ನಿಂತವನೇ ಖಳ. ೧೯೩೮ರಲ್ಲಿ ಮುಂಬಯಿ, ಮದರಾಸುಗಳಲ್ಲಿ ಜನ ಬೀದಿಗಿಳಿದರು, ಚಿತ್ರವನ್ನು ಹಿಂತೆಗೆಯಬೇಕಾಯಿತು. ಜನ ಮಾಡಿದ್ದು ಸರಿ. ಆದರೆ ಹದಿನಾಲ್ಕು ವರ್ಷದ ಹುಡುಗನನ್ನು ದೇಶದ್ರೋಹಿ ಎನ್ನುವುದು ನಮ್ಮಿಂದಾಗದು. ಅವನ ಕೈಗೆ ನಗಾರಿ ಕೊಟ್ಟವರು ಬೇರೆ.

'ದಿ ಥೀಫ್ ಆಫ್ ಬಾಗ್ದಾದ್' ಮಾತ್ರ ಬೇರೆ ಥರದ ಚಿತ್ರ. ಅದರ ಬಗ್ಗೆ ನಿಧಾನವಾಗಿ ಮಾತಾಡಬೇಕು. ಇಂಗ್ಲೆಂಡಿನಲ್ಲಿ ಶುರುವಾದ ಚಿತ್ರ, ಯುದ್ಧ ಬಂದದ್ದರಿಂದ ಅಮೆರಿಕದಲ್ಲಿ ಮುಗಿಯಿತು. ಛಾಯಾಗ್ರಹಣ, ಕಲಾನಿರ್ದೇಶನ, ವಿಶೇಷ ಪರಿಣಾಮಗಳಿಗಾಗಿ ಮೂರು ಆಸ್ಕರ್ ಬಂದವು. ಇಲ್ಲಿ ಸಾಬು ಅಬು ಎಂಬ ಬೀದಿಕಳ್ಳ. ರಾಜ್ಯ ಕಳೆದುಕೊಂಡ ಸುಲ್ತಾನ ಅಹಮದನ ಸಂಗಾತಿ. ಮಾಂತ್ರಿಕ ಜಾಫರ್ ಶಾಪ ಕೊಟ್ಟಾಗ ಸುಲ್ತಾನ ಕುರುಡನಾಗುತ್ತಾನೆ, ಅಬು ನಾಯಿಯಾಗುತ್ತಾನೆ. ದೊರೆಗೆ ಬರುವ ಕಷ್ಟ ಬೇರೆ, ಬೀದಿಯವನಿಗೆ ಬರುವ ಕಷ್ಟ ಬೇರೆ. ಶಾಪದಲ್ಲೂ ಮೇಲುಕೀಳು!

ಇಷ್ಟಾದರೂ ಈ ಚಿತ್ರದಲ್ಲಿ ಎರಡು ಕಡೆ ಸಾಬು ತನಗೆ ಹಾಕಿದ ಗೆರೆ ದಾಟಿಬಿಡುತ್ತಾನೆ. ಸೀಸೆಯಿಂದ ಬಿಡುಗಡೆಯಾದ ಭೂತ ಮೂರು ವರ ಕೊಡುತ್ತೇನೆ ಅನ್ನುತ್ತದೆ. ಈ ಭೂತವಾಗಿ ನಟಿಸಿದವನು ರೆಕ್ಸ್ ಇಂಗ್ರಾಮ್, ನೀಗ್ರೋ ನಟ. ಇಡೀ ಚಿತ್ರದಲ್ಲಿ ಬಣ್ಣ ಬಳಿಯದೆ ಕಪ್ಪಾಗಿರುವ ದೊಡ್ಡ ಪಾತ್ರಗಳು ಎರಡೇ. ಒಬ್ಬ ಸೀಸೆಯೊಳಗೆ, ಇನ್ನೊಬ್ಬ ಬೀದಿಯಲ್ಲಿ. ಹುಡುಗ ಮೊದಲ ವರವಾಗಿ ರಾಜ್ಯ ಕೇಳುವುದಿಲ್ಲ, ಚಿನ್ನ ಕೇಳುವುದಿಲ್ಲ. ಅಮ್ಮ ಕರಿದುಕೊಡುತ್ತಿದ್ದಂಥ ಸಾಸೇಜು, ಅಂದರೆ ಮಾಂಸದ ತಿಂಡಿ ಕೇಳುತ್ತಾನೆ. ಹಸಿದವನು ಮಾತ್ರ ಹೀಗೆ ಕೇಳಬಲ್ಲ. ಜನ ನಗುತ್ತಾರೆ. ನಮಗೆ ನಗು ಬರಲಿಲ್ಲ. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ಹುಡುಗ ಆ ಮಾತು ಹೇಳುವಾಗ ಕಣ್ಣಲ್ಲಿ ಕಾಣುವ ಆಸೆಯನ್ನು ನಟನೆ ಅಂತಲೇ ಕರೆಯಬೇಕು. ಅದು ಪಾತ್ರವನ್ನು ಅರ್ಥಮಾಡಿಕೊಂಡವನ ಕೆಲಸ.

ಎರಡನೆಯದು ದೇವಸ್ಥಾನದ ದೃಶ್ಯ. ಲೋಕದ ತುದಿಯ ಗುಡಿಯೊಂದರಲ್ಲಿ ಬೆಟ್ಟದಷ್ಟು ದೊಡ್ಡ ದೇವಿಯ ವಿಗ್ರಹ. ಅದರ ಹಣೆಯಲ್ಲಿ ಎಲ್ಲವನ್ನೂ ಕಾಣುವ ಕಣ್ಣು. ಅಬು ದೈತ್ಯ ಜೇಡನ ಬಲೆ ಹತ್ತಿ, ಜೇಡನ ಜೊತೆ ಹೊಡೆದಾಡಿ, ವಿಗ್ರಹವನ್ನೇರಿ ಆ ಕಣ್ಣನ್ನು ಕಿತ್ತುಕೊಳ್ಳುತ್ತಾನೆ. ೧೯೩೦ರಲ್ಲಿ ನಾಸಿಕದ ಕಾಳಾರಾಮ ಮಂದಿರದ ಬಾಗಿಲಲ್ಲಿ ಬಾಬಾಸಾಹೇಬರ ಜನ ಒಳಗೆ ಬಿಡಿ ಅಂತ ನಿಂತಿದ್ದರು. ಬಾಗಿಲು ತೆರೆಯಲಿಲ್ಲ. ಹತ್ತು ವರ್ಷದ ಮೇಲೆ ತೆರೆಯ ಮೇಲೆ ಒಬ್ಬ ಮಾವುತನ ಮಗ ಗುಡಿಯ ಒಳಕ್ಕೆ ಹೋಗಿ, ದೇವರ ಮೈಮೇಲೆ ಕಾಲಿಟ್ಟು ಹತ್ತಿ, ದೇವರ ಕಣ್ಣನ್ನೇ ಮನುಷ್ಯರ ಕೆಲಸಕ್ಕೆ ತಂದ. ಚಿತ್ರ ತೆಗೆದವರ ತಲೆಯಲ್ಲಿ ಇದು ಇದ್ದಿರಲಾರದು. ಆದರೆ ಹತ್ತುವ ಆ ಮೈ ಆನೆ ಹತ್ತಿ ಪಳಗಿದ ಮೈ. ಅಂಜಿಕೆಯ ಜೊತೆಗೇ ಮುಂದಕ್ಕೆ ಸಾಗುವ ಆ ಕೈಕಾಲುಗಳನ್ನು ನೋಡುವಾಗ ಕಥೆ ಯಾರದ್ದೇ ಇರಲಿ, ಕೆಲಸ ನಮ್ಮವರದ್ದು ಅನ್ನಿಸುತ್ತದೆ. ಸಾಬುವನ್ನು ನೆನೆಯುವುದಾದರೆ ಈ ದೃಶ್ಯದಿಂದ ಶುರುಮಾಡಬೇಕು.

೫

ಇದೇ ಚಿತ್ರದ ಕೊನೆ ನಮಗೆ ಮುಳ್ಳಿನ ಹಾಗೆ ಚುಚ್ಚುತ್ತದೆ. ಜಾಫರ್ ಸತ್ತ, ಅಹಮದನಿಗೆ ರಾಜ್ಯವೂ ರಾಜಕುಮಾರಿಯೂ ಸಿಕ್ಕವು. ಸುಲ್ತಾನ ಜನರೆದುರು ಸಾರುತ್ತಾನೆ: ಅಬುವನ್ನು ಶಾಲೆಗೆ ಕಳಿಸುತ್ತೇನೆ, ಮುಂದೆ ಅವನೇ ನನ್ನ ವಜೀರ. ಶಾಲೆ ಅಂದ ಕೂಡಲೇ ಹುಡುಗನ ಮುಖ ಬಾಡುತ್ತದೆ. ಹಾರುವ ಚಾಪೆ ಏರಿ, ನನಗೆ ಮೋಜು ಬೇಕು, ಸಾಹಸ ಬೇಕು ಎಂದು ಹೊರಟುಬಿಡುತ್ತಾನೆ. ಚಿತ್ರಮಂದಿರ ಚಪ್ಪಾಳೆ ತಟ್ಟುತ್ತದೆ.

ಇದನ್ನು ಸ್ವಾತಂತ್ರ್ಯ ಅಂತ ಹೊಗಳುವವರಿದ್ದಾರೆ. ಮನೆಯಲ್ಲಿ ಪುಸ್ತಕದ ಕಪಾಟು ಇರುವವರು ಶಾಲೆಯನ್ನು ಸೆರೆಮನೆ ಅಂದರೆ ಅದಕ್ಕೊಂದು ಅರ್ಥವಿದೆ, ಅವರಿಗೆ ಬಿಟ್ಟುಹೋಗಲು ಶಾಲೆ ಇದೆ. ಶಾಲೆಯ ಕಿಟಕಿಯ ಹೊರಗೆ ನಿಂತು ಪಾಠ ಕೇಳಿದವರ ಮಕ್ಕಳು ನಾವು. ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿಯ ಕಾಗದ ಕಂಡವರು ನಾವು. ಕೂಲಿಗೆ ಹೋಗಿ, ಒಡವೆ ಅಡವಿಟ್ಟು, ಹಾಸ್ಟೆಲ್ಲಿನ ನೀರು ಸಾರು ಕುಡಿದು ಓದಿದವರಿಗೆ ವಜೀರನಾಗುವ ಹುಡುಗ ಶಾಲೆ ಬಿಟ್ಟು ಹಾರುವುದು ಬಿಡುಗಡೆಯಾಗಿ ಕಾಣುವುದಿಲ್ಲ. ಆಳುವವರಿಗೆ ಬಹಳ ಅನುಕೂಲವಾದ ಬಿಡುಗಡೆ ಅದು. ಸಿಂಹಾಸನ ಅಹಮದನಿಗೇ ಉಳಿಯಿತು. ಹುಡುಗ ತಾನಾಗೇ ಒಲ್ಲೆ ಅಂದ, ನಾವೇನು ಮಾಡೋಣ! ಹಟ್ಟಿಯ ಹುಡುಗರು ಶಾಲೆ ಬಿಟ್ಟಾಗ ಊರಿನ ಗೌಡರು, ಶಾನುಭೋಗರು ಹೇಳುತ್ತಿದ್ದ ಮಾತೂ ಇದೇ ಅಲ್ಲವೆ? ಅವಕ್ಕೆ ಓದು ಹತ್ತಲ್ಲ ಕಣಯ್ಯ, ದನದ ಹಿಂದೆ ಸುತ್ತೋದೇ ಅವಕ್ಕೆ ಸಹಜ. ಮತ್ತೆ ಅದೇ ಮಾತು.

ಸಾಬುವಿನ ಕೈಗೆ ಪುಸ್ತಕ ಬಂದ ಚಿತ್ರವೂ ಒಂದಿದೆ. ೧೯೪೭ರ 'ಬ್ಲ್ಯಾಕ್ ನಾರ್ಸಿಸಸ್'. ಹಿಮಾಲಯದ ಅಂಚಿನ ಕನ್ಯಾಸ್ತ್ರೀ ಮಠಕ್ಕೆ ಕಲಿಯಬೇಕೆಂದು ಬರುವ ಯುವ ಸೇನಾಧಿಪತಿ ಅವನು. ಮೈತುಂಬ ರೇಷ್ಮೆ, ಒಡವೆ, ಲಂಡನ್ನಿನಿಂದ ತರಿಸಿದ ಅತ್ತರು. ಅವನ ಓದಿನ ಆಸೆಯನ್ನು ಚಿತ್ರ ನಗೆಪಾಟಲು ಮಾಡುತ್ತದೆ. ಪಾಠದ ಮನೆಯಲ್ಲಿ ಅವನ ಕಣ್ಣು ಬೀಳುವುದು ಕಾಂಚಿ ಎಂಬ ಹುಡುಗಿಯ ಮೇಲೆ. ಆ ಕಾಂಚಿಯಾದರೂ ಕಂದು ಬಣ್ಣ ಬಳಿದುಕೊಂಡ ಜೀನ್ ಸಿಮನ್ಸ್. ಅರೆಬತ್ತಲೆಯಾಗಿ ಶಾಲೆ ಬಿಟ್ಟು ಓಡಿದರೆ ಮುದ್ದು, ಬಟ್ಟೆ ತೊಟ್ಟು ಶಾಲೆಗೆ ಬಂದರೆ ನಗೆಪಾಟಲು. ಏಳು ವರ್ಷದ ಅಂತರದ ಈ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಂದು ಹುಡುಗನಿಗೆ ಆ ಸಿನಿಮಾ ಎಷ್ಟು ಜಾಗ ಕೊಟ್ಟಿತ್ತು ಅಂತ ಅಳತೆ ಸಿಗುತ್ತದೆ.

ನಡುವೆ ೧೯೪೨ರ 'ಜಂಗಲ್ ಬುಕ್'. ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ 'ಇಂಡಿಯಾ' ಕಾಡಿನಲ್ಲಿ ಸಾಬು ಮೌಗ್ಲಿ. ತೋಳಗಳು ಸಾಕಿದ ಹುಡುಗ ಊರಿಗೆ ಬಂದರೆ ಊರು ಅವನನ್ನು ಮಾಟಗಾರನೆಂದು ಕಟ್ಟಿಹಾಕುತ್ತದೆ. ಆಮೇಲೆ ಯೂನಿವರ್ಸಲ್ ಕಂಪನಿಯ 'ಅರೇಬಿಯನ್ ನೈಟ್ಸ್' (೧೯೪೨), 'ವೈಟ್ ಸ್ಯಾವೇಜ್' (೧೯೪೩), 'ಕೋಬ್ರಾ ವುಮನ್' (೧೯೪೪). ಮೂರರಲ್ಲೂ ನಾಯಕ ಜಾನ್ ಹಾಲ್, ನಾಯಕಿ ಮರಿಯಾ ಮೊಂಟೆಜ್, ಸಾಬು ನಾಯಕನ ಗೆಳೆಯ. ಹುಡುಗ ಬೆಳೆದು ಗಂಡಸಾಗುತ್ತಿದ್ದ, ಪಾತ್ರಗಳು ಬೆಳೆಯಲಿಲ್ಲ. ಬಿಳಿಯ ಬಾಲನಟರನ್ನೂ ಹಾಲಿವುಡ್ ಬೆಳೆದ ಮೇಲೆ ಬಿಸಾಡಿದ್ದುಂಟು. ಸಾಬುವಿನ ವಿಷಯದಲ್ಲಿ ಇನ್ನೊಂದು ಗಂಟೂ ಇತ್ತು. ಕಲಿತ ನಟ ಹೊಸದನ್ನು ಕಲಿಯಬಹುದು ಅಂತ ಎಲ್ಲರೂ ಒಪ್ಪುತ್ತಾರೆ. 'ಸಹಜ' ಅಂತ ಕರೆಸಿಕೊಂಡವನಿಗೆ ಆ ದಾರಿ ಇಲ್ಲ. ಅವನು ಹನ್ನೆರಡು ವರ್ಷದ ಮುಗ್ಧನಾಗಿಯೇ ಇರಬೇಕು, ಇಲ್ಲವಾದರೆ ಬೇಡ. ಸಾಬು ಮರೆತುಹೋದದ್ದಕ್ಕೆ ಕಾರಣ ಇಲ್ಲಿದೆ ಅಂತ ನಾವು ತಿಳಿಯುತ್ತೇವೆ.

೬

ಅಮೆರಿಕ ಅವನನ್ನು ಹೇಗೆ ಒಳಗೆ ಬಿಟ್ಟುಕೊಂಡಿತು ಅನ್ನೋದೂ ತಿಳಿಯಬೇಕಾದ ಸಂಗತಿ. ೧೯೨೩ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನ ಸಿಖ್ಖರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇಂಡಿಯಾದವರು 'ಬಿಳಿಯರಲ್ಲ', ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಅಂತ ತೀರ್ಪು ಕೊಟ್ಟಿತು. ಥಿಂಡ್ ಪರವಾಗಿ ಹೂಡಿದ ವಾದ ಏನು ಗೊತ್ತೆ? ಇವರು ಮೇಲ್ಜಾತಿಯವರು, ಆರ್ಯ ರಕ್ತದವರು, ಆದ್ದರಿಂದ ಬಿಳಿಯರು! ಸಮುದ್ರ ದಾಟಿದರೂ ಜಾತಿ ಪೆಟ್ಟಿಗೆಯಲ್ಲಿ ಮಡಚಿಟ್ಟುಕೊಂಡ ರೇಷ್ಮೆ ಮಡಿಯ ಹಾಗೆ ಜೊತೆಗೇ ಹೋಗುತ್ತದೆ. ಬಿಳಿಯ ಜಡ್ಜು ಆ ಮಡಿಯನ್ನು ಲೆ ಲೆಕ್ಕಕ್ಕಿಡಲಿಲ್ಲ ಅನ್ನೋದು ಬೇರೆ ಮಾತು. ಇಂಡಿಯಾದವರಿಗೆ ಪೌರತ್ವದ ಬಾಗಿಲು ತೆರೆದ ಕಾನೂನು ಬಂದದ್ದು ೧೯೪೬ರಲ್ಲಿ. ಸಾಬು ಪೌರನಾದದ್ದು ಅದಕ್ಕೂ ಮುಂಚೆ, ೧೯೪೪ರಲ್ಲಿ, ಯುದ್ಧದ ನಡುವೆ. ಅಮೆರಿಕದ ವಾಯುಪಡೆ ಸೇರಿ, ಪೆಸಿಫಿಕ್ ಸಮುದ್ರದ ಮೇಲೆ ಬಾಂಬರ್ ವಿಮಾನದ ಬಾಲದಲ್ಲಿ ಮೆಷಿನ್‌ಗನ್ ಹಿಡಿದು ಕೂತ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ರೇಷ್ಮೆ ಮಡಿ ತೋರಿಸಿ ಒಬ್ಬರು ಕೇಳಿದ್ದು ಸಿಗಲಿಲ್ಲ. ಅದನ್ನು ಇವನು ಬಂದೂಕು ಹಿಡಿದ ಕಾಲದಲ್ಲಿ ಪಡೆದ.

ಯುದ್ಧದಿಂದ ಬಂದವನಿಗೆ ಮತ್ತೆ ಕಾಡು, ಮತ್ತೆ ಹುಲಿ, ಮತ್ತೆ ಆನೆ. ೧೯೫೦ರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳ ಜೊತೆ ಆಟ ತೋರಿಸಿದ. ಲಾಯದಿಂದ ಹೊರಟವನು ಸರ್ಕಸ್ಸಿನ ಲಾಯ ಸೇರಿದ.

ಮೆಹಬೂಬ್ ಖಾನರ 'ಮದರ್ ಇಂಡಿಯಾ' (೧೯೫೭) ಚಿತ್ರದ ಬಿರ್ಜು ಪಾತ್ರಕ್ಕೆ ಮೊದಲು ಯೋಚಿಸಿದ್ದು ಸಾಬುವನ್ನು ಎಂದು ಆ ಚಿತ್ರದ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಪರದೇಶದ ಪೌರನಾದ್ದರಿಂದ ಕೆಲಸದ ಪರವಾನಗಿ ಸಿಗಲಿಲ್ಲ, ಪಾತ್ರ ಸುನಿಲ್ ದತ್ತರಿಗೆ ಹೋಯಿತು. ಬಿರ್ಜು ಯಾರು? ಸಾಹುಕಾರನ ಲೆಕ್ಕದ ಪುಸ್ತಕದಲ್ಲಿ ಏನು ಬರೆದಿದೆ ಅಂತ ತಿಳಿಯದೆ ಕುದಿಯುವವನು. ಓದು ಬಾರದ್ದರಿಂದಲೇ ನಮ್ಮ ಹೊಲ ಹೋಯಿತು ಅಂತ ಅರ್ಥಮಾಡಿಕೊಂಡವನು. ಕೊನೆಗೆ ಆ ಪುಸ್ತಕಗಳಿಗೆ ಬೆಂಕಿ ಇಡುವವನು. ಶಾಲೆ ಬೇಡವೆಂದು ಹಾರಿಹೋಗುವ ಅಬುವಾಗಿದ್ದ ಹುಡುಗ, ಅಕ್ಷರದ ಮೋಸಕ್ಕೆ ಸಿಡಿದೇಳುವ ಬಿರ್ಜು ಆಗಬಹುದಿತ್ತು. ಆಗಲಿಲ್ಲ. ಇಂಡಿಯಾದ ಒಂದು ಚಿತ್ರದಲ್ಲೂ ನಟಿಸದೆ ಅವನು ಸತ್ತ. ೧೯೬೦ರಲ್ಲಿ ಹಾಲಿವುಡ್ಡಿನ ಕಾಲುದಾರಿಯಲ್ಲಿ ಅವನ ಹೆಸರಿನದೂ ಒಂದು ನಕ್ಷತ್ರ ಹೂತಿಟ್ಟರು. ಕೊನೆಯ ಚಿತ್ರ, ಡಿಸ್ನಿಯವರ 'ಎ ಟೈಗರ್ ವಾಕ್ಸ್', ಅವನು ಸತ್ತ ಮೇಲೆ ೧೯೬೪ರಲ್ಲಿ ಬಂತು.

ಇತ್ತ ಕರಾಪುರದ ಕಡೆ ಕೊನೆಯ ಖೆಡ್ಡಾ ೧೯೭೧ರಲ್ಲಿ ನಡೆಯಿತು. ೧೯೭೪ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಖೆಡ್ಡಾದ ಜಾಗ, ಕಾಕನಕೋಟೆಯ ಕಾಡು, ಎಷ್ಟೋ ಊರು ಹಾಡಿಗಳು ಮುಳುಗಿದವು. ಈಗ ಹಿನ್ನೀರಿನ ದಂಡೆಯಲ್ಲಿ ರೆಸಾರ್ಟುಗಳಿವೆ, ಪ್ರವಾಸಿಗರು ಜೀಪಿನಲ್ಲಿ ಕೂತು ಹುಲಿ ಹುಡುಕುತ್ತಾರೆ. ಹುಲಿಯ ಹೆಜ್ಜೆ ಗುರುತಿಸಬಲ್ಲ ಜನರನ್ನು ಕಾಡಿನಿಂದ ಹೊರಗೆ ಹಾಕಿ, ಅವರಲ್ಲೇ ಕೆಲವರನ್ನು ದಿನಗೂಲಿಗೆ ವಾಪಸು ಕರೆಸಿಕೊಳ್ಳುವ ಪದ್ಧತಿ ಮಾತ್ರ ಮುಳುಗಲಿಲ್ಲ.

೭

ನಾವು ಕವಿತೆ ಬರೆಯುವ ಹುಡುಗರು ಎಲ್ಲೋ ಹಾಲಿವುಡ್ಡಿನ ಹಳೇ ಬಾಲನಟನ ಬಗ್ಗೆ ಇಷ್ಟು ಯಾಕೆ ತಲೆಕೆಡಿಸಿಕೊಳ್ಳಬೇಕು ಅಂತ ಕೆಲವು ಗೆಳೆಯರು ಕೇಳಬಹುದು. ಹೋರಾಟಕ್ಕೂ ಇದಕ್ಕೂ ಏನು ಸಂಬಂಧ? ಸಂಬಂಧ ಆ ಒಂದು ಮಾತಿನಲ್ಲಿದೆ. ನಮ್ಮ ಪದ್ಯಗಳನ್ನು ಹೊಗಳುವ ವಿಮರ್ಶಕರೂ ಅದನ್ನೇ ಬಳಸುತ್ತಾರೆ. ಸಹಜ ಪ್ರತಿಭೆ, ಹಸಿ ಅನುಭವ, ಮಣ್ಣಿನ ವಾಸನೆ, ಕೃತಕತೆ ಇಲ್ಲದ ಆಕ್ರೋಶ. ಕೇಳಲು ಹಿತವಾಗಿರುತ್ತದೆ. ಆದರೆ ಒಂದು ಸಾಲಿಗಾಗಿ ಹದಿನೈದು ಸಾಲು ಹೊಡೆದುಹಾಕಿದ್ದು, ಹಳಗನ್ನಡ ಓದಿದ್ದು, ತಮಟೆಯ ಮಟ್ಟನ್ನು ಪದ್ಯದೊಳಕ್ಕೆ ತರಲು ವರ್ಷಗಟ್ಟಲೆ ಒದ್ದಾಡಿದ್ದು ಅವರ ಕಣ್ಣಿಗೆ ಬೀಳುವುದಿಲ್ಲ. ಅವರು ಬರೆದರೆ ಕಲೆ, ನಾವು ಬರೆದರೆ ವಾಸನೆ. ಈ ಹೊಗಳಿಕೆಗೆ ಒಂದು ಸಲ ತಲೆದೂಗಿದರೆ ಸಾಬುವಿಗೆ ಆದದ್ದೇ ನಮಗೂ ಆಗುತ್ತದೆ. ಮೊದಲ ಸಂಕಲನಕ್ಕೆ ಚಪ್ಪಾಳೆ, ಎರಡನೆಯದಕ್ಕೆ 'ಆ ಸಹಜತೆ ಹೋಯಿತು' ಅನ್ನೋ ಷರಾ.

ಸಾಬುವನ್ನು ನೆನೆಯುವ ಕೆಲಸ ಪ್ರತಿಮೆ ನಿಲ್ಲಿಸುವುದರಿಂದ ಆಗುವುದಿಲ್ಲ. ಹಳ್ಳಿಯ ಮೇಷ್ಟರುಗಳಲ್ಲಿ ನಮ್ಮದೊಂದು ಕೋರಿಕೆ. ೧೯೪೨ರ 'ಜಂಗಲ್ ಬುಕ್' ಚಿತ್ರದ ಹಕ್ಕಿನ ಅವಧಿ ಮುಗಿದಿದೆ, ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದು, ತೋರಿಸಬಹುದು. ಒಂದು ಶನಿವಾರ ಮಧ್ಯಾಹ್ನ ಶಾಲೆಯ ಗೋಡೆಗೆ ಪಂಚೆ ಕಟ್ಟಿ ಮಕ್ಕಳಿಗೆ ತೋರಿಸಿ. ಇವನು ನಮ್ಮ ಪಕ್ಕದ ತಾಲ್ಲೂಕಿನವನು ಅಂತ ಹೇಳಿ ಅಲ್ಲಿಗೇ ನಿಲ್ಲಿಸಬೇಡಿ. ಈ ಹುಡುಗನಿಗೆ ಮಾತ್ರ ಯಾಕೆ ಅಂಗಿ ಇಲ್ಲ ಅಂತ ಕೇಳಿ. ಊರಿನವರು ಅವನನ್ನು ಯಾಕೆ ಕಟ್ಟಿಹಾಕಿದರು, ನಮ್ಮೂರಲ್ಲಿ ಯಾರನ್ನು ಹಾಗೆ ಕಟ್ಟಿಹಾಕುತ್ತಾರೆ ಅಂತ ಕೇಳಿ. ಮರ ಹತ್ತುವುದನ್ನು, ಪ್ರಾಣಿಗಳ ಜೊತೆ ಬೆರೆಯುವುದನ್ನು ಅವನು ಯಾರಿಂದ ಕಲಿತ ಅಂತ ಕೇಳಿ. ಕುರಿ ಕಾಯುವ ಮಗು, ಬಲೆ ಬೀಸುವವರ ಮಗು, ಚಪ್ಪಲಿ ಹೊಲಿಯುವವರ ಮಗು ಆ ಕೊನೆಯ ಪ್ರಶ್ನೆಗೆ ಉತ್ತರ ಹೇಳುತ್ತವೆ. ತಮ್ಮ ಅಪ್ಪ ಅಮ್ಮಂದಿರಿಂದ ತಾವು ಏನೇನು ಕಲಿತೆವು ಅಂತ ಹೇಳತೊಡಗುತ್ತವೆ. ಅದನ್ನು ಬರೆಸಿ. ಬರೆದದ್ದರ ಕೆಳಗೆ ಮಕ್ಕಳ ಪೂರ್ತಿ ಹೆಸರು, ಅಪ್ಪ ಅಮ್ಮನ ಹೆಸರು, ಕಸುಬಿನ ಹೆಸರು ಹಾಕಿಸಿ. ಅದರಲ್ಲಿ ಒಂದೆರಡನ್ನು ಈ ಪತ್ರಿಕೆಗೂ ಕಳಿಸಿಕೊಡಿ.